ಟೂಸಾನಿಗೆ ಹೋದರೆ ಎಲ್ಲಿ ಊಟ ಮಾಡಬೇಕು, ಹೇಗೆ ಆರಿಸಬೇಕು?

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದವರು ಗ್ರ್ಯಾಂಡ್ ಕ್ಯಾನ್ಯನ್ ನೋಡಿಕೊಂಡು ಮರಳಿಬಿಡುತ್ತಾರೆ. ಅದೇ ಊರಿನಿಂದ ದಕ್ಷಿಣಕ್ಕೆ ಎರಡು ಗಂಟೆ ಕಾರಿನಲ್ಲಿ ಹೋದರೆ ಟೂಸಾನ್ ಇದೆ. ಅಲ್ಲಿಯವರೆಗೆ ಹೋದವರೂ ಹಸಿವಾದೊಡನೆ ಹುಡುಕುವುದು ಹೆದ್ದಾರಿ ಪಕ್ಕದ ಪಿಜ್ಜಾ ಅಂಗಡಿಯನ್ನು, ಇಲ್ಲವೇ ಹತ್ತಿರದ ಇಂಡಿಯನ್ ಬಫೆಯನ್ನು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಯುನೆಸ್ಕೊ 2015ರಲ್ಲಿ ತನ್ನ ಆಹಾರ ಪರಂಪರೆಯ ನಗರಗಳ ಪಟ್ಟಿಗೆ ಅಮೆರಿಕದಿಂದ ಮೊದಲು ಸೇರಿಸಿದ್ದು ನ್ಯೂಯಾರ್ಕನ್ನಲ್ಲ, ನ್ಯೂ ಓರ್ಲಿಯನ್ಸನ್ನಲ್ಲ, ಮರುಭೂಮಿಯ ಈ ಊರನ್ನು. ವರ್ಷಕ್ಕೆ 300 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಈ ನೆಲದಲ್ಲಿ, ಸಾಂತಾ ಕ್ರೂಜ್ ನದಿಯ ದಂಡೆಯಲ್ಲಿ, 4,000 ವರ್ಷಗಳ ಹಿಂದೆಯೇ ಜನ ಬೇಸಾಯ ಮಾಡುತ್ತಿದ್ದ ಕುರುಹುಗಳು ಸಿಕ್ಕಿವೆ.

ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಕಾಳುಗಳು, ಕುಂಬಳ: ಈ ಊರಿನ ಅಡುಗೆಯ ಬೇರು ಇರುವುದು ಇವುಗಳಲ್ಲಿ. ಹಾಗಾಗಿ ಸಸ್ಯಾಹಾರಿಗಳು ಇಲ್ಲಿ ಹಸಿದಿರಬೇಕಾಗಿಲ್ಲ. ಕೆಳಗಿನ ಕ್ರಮದಲ್ಲಿ ಯೋಚಿಸಿದರೆ ಸಾಕು.

ಹೆಜ್ಜೆ 1: ಮೊದಲು ಬೀದಿ, ಆಮೇಲೆ ಹೋಟೆಲು

ಮೊಬೈಲಿನಲ್ಲಿ ನಕ್ಷತ್ರಗಳನ್ನು ಎಣಿಸುತ್ತ ಕೂರುವುದಕ್ಕಿಂತ, ಯಾವ ಕಡೆ ಹೋಗಬೇಕೆಂದು ಮೊದಲು ತೀರ್ಮಾನಿಸಿ. ಕಾರಿಲ್ಲದಿದ್ದರೆ ಸನ್ ಲಿಂಕ್ ಟ್ರಾಮ್ ಇದೆ. 2014ರಿಂದ ಓಡುತ್ತಿರುವ ಇದು ಅರಿಜೋನಾ ವಿಶ್ವವಿದ್ಯಾಲಯದಿಂದ ಹೊರಟು ಫೋರ್ತ್ ಅವೆನ್ಯೂ, ಡೌನ್‌ಟೌನ್ ದಾಟಿ ಮರ್ಕಾಡೊ ಬಡಾವಣೆಯವರೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಇಳಿದಲ್ಲೆಲ್ಲ ಊಟ ಸಿಗುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಇದೇ ಅನುಕೂಲ.

ಕಾರಿದ್ದರೆ ಮಾತ್ರ ದಕ್ಷಿಣಕ್ಕೆ ಹೋಗಿ. ಸೌತ್ ಟೂಸಾನ್ ಎಂಬುದು ದೊಡ್ಡ ನಗರ ಸುತ್ತುವರಿದಿರುವ, ಸುಮಾರು ಒಂದು ಚದರ ಮೈಲಿಯ ಪ್ರತ್ಯೇಕ ಪುಟ್ಟ ಪುರಸಭೆ. ಅದರ ಸೌತ್ ಫೋರ್ತ್ ಅವೆನ್ಯೂ ಮತ್ತು ಅಲ್ಲಿಂದ ಪಶ್ಚಿಮಕ್ಕಿರುವ ಸೌತ್ ಟ್ವೆಲ್ಫ್ತ್ ಅವೆನ್ಯೂ ಮೆಕ್ಸಿಕನ್ ಅಡುಗೆಯ ಎರಡು ದೊಡ್ಡ ಬೀದಿಗಳು. ಟೂಸಾನ್ 1854ರವರೆಗೆ ಮೆಕ್ಸಿಕೊ ದೇಶದಲ್ಲೇ ಇತ್ತು. ಇಂದಿಗೂ ಗಡಿ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ಇಲ್ಲಿ ಮೆಕ್ಸಿಕನ್ ಅಡುಗೆ ಹೊರಗಿನಿಂದ ಬಂದದ್ದಲ್ಲ, ಗಡಿಯಾಚೆಗಿನ ಸೊನೋರಾ ರಾಜ್ಯದೊಂದಿಗೆ ಹಂಚಿಕೊಂಡ ಮನೆಯಡುಗೆ.

ಹೆಜ್ಜೆ 2: ಹೊತ್ತು ನೋಡಿ ಹೊರಡಿ

ನಮ್ಮಂತೆ ರಾತ್ರಿ ಒಂಬತ್ತಕ್ಕೆ ಊಟಕ್ಕೆ ಹೊರಟರೆ ಎಷ್ಟೋ ಕಡೆ ಬಾಗಿಲು ಹಾಕಿರುತ್ತಾರೆ. ಸಂಜೆ ಆರಕ್ಕೇ ಹೋಗಿ. ಸೌತ್ ಫೋರ್ತ್‌ನ ಮಿ ನಿದೀತೊದಂತಹ ಹೆಸರಾಂತ ಜಾಗಗಳಲ್ಲಿ ವಾರಾಂತ್ಯದ ಸಂಜೆ ಬಾಗಿಲ ಬಳಿ ಕಾಯುವವರ ಗುಂಪೇ ಇರುತ್ತದೆ. ಬೇಕರಿಗಳಿಗೆ ಬೆಳಿಗ್ಗೆಯೇ ಹೋಗಬೇಕು. ಜೂನ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಹೊರಗೆ ಮೇಜು ಹಾಕಿರುವ ಅಂಗಡಿಗಳನ್ನು ಮಧ್ಯಾಹ್ನಕ್ಕೆ ಆರಿಸಬೇಡಿ.

ಹೆಜ್ಜೆ 3: ಕೂತೊಡನೆ ಕೊಬ್ಬಿನ ಪ್ರಶ್ನೆ ಕೇಳಿ

ಇಡೀ ಲೇಖನದಲ್ಲಿ ಇದೊಂದನ್ನು ಮರೆಯಬೇಡಿ. ಮೆನುವಿನಲ್ಲಿ ಬರೀ ಕಾಳಿನ ಬುರೀಟೊ (ರೊಟ್ಟಿಯಲ್ಲಿ ಕಾಳು ಸುತ್ತಿದ ತಿಂಡಿ) ಎಂದಿದ್ದರೂ, ಆ ಕಾಳನ್ನು ಅರೆದು ಬಾಡಿಸಿರುವುದು ಹಂದಿಯ ಕೊಬ್ಬಿನಲ್ಲಿ ಇರಬಹುದು. ಸಾಂಪ್ರದಾಯಿಕ ಸೊನೋರಾ ಅಡುಗೆಯಲ್ಲಿ ಅದೇ ರೂಢಿ. ಕೆಂಪಗಿನ ಅನ್ನವನ್ನು ಕೋಳಿಯ ರಸದಲ್ಲಿ ಬೇಯಿಸಿರಬಹುದು. ಟೋರ್ಟಿಯಾ ಎಂಬ ತೆಳು ಗೋಧಿ ರೊಟ್ಟಿಯ ಹಿಟ್ಟಿಗೂ, ತಮಾಲೆ ಎಂಬ ಮುಸುಕಿನ ಜೋಳದ ಕಡುಬಿನ ಹಿಟ್ಟಿಗೂ ಅದೇ ಕೊಬ್ಬು ಬೀಳುವುದುಂಟು. ಸಸ್ಯಾಹಾರಿಗಳಿಗಷ್ಟೇ ಅಲ್ಲ, ಹಂದಿಮಾಂಸ ತಿನ್ನದವರಿಗೆಲ್ಲ ಇದು ತಿಳಿದಿರಲೇಬೇಕು.

ಕೇಳಲು ಸಂಕೋಚ ಬೇಡ. 'ಲಾರ್ಡ್' (ಹಂದಿಕೊಬ್ಬು) ಹಾಕಿದ್ದೀರಾ ಎಂದು ಇಂಗ್ಲಿಷಿನಲ್ಲಿ, ಇಲ್ಲವೇ 'ಮಾಂತೇಕಾ' ಇದೆಯೇ ಎಂದು ಸ್ಪ್ಯಾನಿಷಿನಲ್ಲಿ ಕೇಳಿದರೆ ಸಾಕು. ಕಾಳಿಗೆ, ಅನ್ನಕ್ಕೆ, ಟೋರ್ಟಿಯಾಕ್ಕೆ ಬೇರೆ ಬೇರೆಯಾಗಿ ಕೇಳಿ. ಒಂದೇ ಅಡುಗೆಮನೆಯಲ್ಲಿ ಒಂದರಲ್ಲಿ ಕೊಬ್ಬು ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಕೋಳಿ ಹಾಕಿ ಕೊಡುವ ಸಾಧ್ಯತೆ ಇದೆ. ಏಕೆಂದರೆ ದನಗಳ ನಾಡಾದ ಸೊನೋರಾದಲ್ಲಿ ಮಾಂಸ ಎಂದೊಡನೆ ನೆನಪಾಗುವುದು ಗೋಮಾಂಸ. ಕೋಳಿಯೂ ಬೇಡ, ಮೀನೂ ಬೇಡ ಎಂದು ಬಿಡಿಸಿ ಹೇಳಿ. ಮುಸುಕಿನ ಜೋಳದ ಟೋರ್ಟಿಯಾ ಸಾಮಾನ್ಯವಾಗಿ ಸುರಕ್ಷಿತ. ಸುಣ್ಣದ ನೀರಿನಲ್ಲಿ ಬೇಯಿಸಿದ ಜೋಳವನ್ನು ಅರೆದು ತಟ್ಟಿದ್ದು ಅಷ್ಟೇ.

ಈ ಪ್ರಶ್ನೆಯ ಗೊಡವೆಯೇ ಬೇಡ ಎನ್ನುವವರಿಗೆ ತುಮೆರಿಕೊ ಎಂಬ ಹೋಟೆಲಿದೆ. ಲ್ಯಾಟಿನ್ ಅಮೆರಿಕದ ಅಡುಗೆ, ಮಾಂಸವಿಲ್ಲ. ಮಾಂಸದ ಜಾಗದಲ್ಲಿ ಹಲಸಿನಕಾಯಿ ಹಾಕಿದ ಟ್ಯಾಕೊ (ಮಡಿಚಿದ ಟೋರ್ಟಿಯಾ) ಕೂಡ ಅಲ್ಲುಂಟು. ಹಲಸಿನಕಾಯಿ ಹುಳಿ ಉಂಡು ಬೆಳೆದ ಮಲೆನಾಡಿನವರು ಅದನ್ನೊಮ್ಮೆ ತಿನ್ನಲೇಬೇಕು.

ಹೆಜ್ಜೆ 4: ಬೇರೆಡೆ ಸಿಗದ್ದನ್ನೇ ತರಿಸಿಕೊಳ್ಳಿ

ಪಿಜ್ಜಾದಷ್ಟು ಅಗಲದ ಗೋಧಿ ಟೋರ್ಟಿಯಾದ ಮೇಲೆ ಚೀಸ್ ಹರಡಿ ಗರಿಗರಿಯಾಗಿ ಸುಟ್ಟು ತರುವ 'ಚೀಸ್ ಕ್ರಿಸ್ಪ್' ಈ ಊರಿನ ನೆಚ್ಚಿನ ತಿಂಡಿ. ಟೋರ್ಟಿಯಾದ ಕೊಬ್ಬಿನ ವಿಚಾರ ಖಚಿತವಾದರೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಳೆ ಕುಂಬಳ, ಜೋಳದ ಕಾಳು, ಚೀಸ್ ಬೆರೆಸಿದ 'ಕಾಲಾಬಸೀತಾಸ್' ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಬೇಸಿಗೆಯಾದರೆ ಹಸಿ ಜೋಳದ ತಮಾಲೆ ಕೇಳಿ. ಮುಳ್ಳು ತೆಗೆದ ಪಾಪಸುಕಳ್ಳಿಯ ಎಲೆ, ಅಂದರೆ 'ನೋಪಾಲೆಸ್', ಸ್ವಲ್ಪ ಲೋಳೆ, ಸ್ವಲ್ಪ ಹುಳಿ, ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ಸೊನೋರಾದ ದೊಡ್ಡ ಗೋಧಿ ಟೋರ್ಟಿಯಾ ನಮ್ಮ ರುಮಾಲಿ ರೊಟ್ಟಿಯಷ್ಟು ತೆಳು. ಮೆಕ್ಸಿಕೊದ ಬೇರೆಡೆ ಜೋಳದ್ದೇ ರಾಜ್ಯಭಾರ, ಇಲ್ಲಿ ಗೋಧಿಗೂ ಸಮಪಾಲು. 17ನೇ ಶತಮಾನದ ಕೊನೆಗೆ ಯೂಸೇಬಿಯೊ ಕೀನೊ ಎಂಬ ಪಾದ್ರಿಯ ಕಾಲದಲ್ಲಿ ಗೋಧಿ ಈ ಕಡೆ ಬಂತು. ಸ್ಥಳೀಯರ ಬೆಳೆಗಳೆಲ್ಲ ಬೇಸಿಗೆಯ ಮಳೆಯವು; ಚಳಿಗಾಲದಲ್ಲಿ ಬೆಳೆಯುವ ಗೋಧಿ ಖಾಲಿ ಬೀಳುತ್ತಿದ್ದ ತಿಂಗಳುಗಳನ್ನು ತುಂಬಿತು. ವೈಟ್ ಸೊನೋರಾ ಎಂಬ ಆ ಹಳೆಯ ತಳಿ ನಡುವೆ ಮರೆಯಾಗುತ್ತ ಬಂದು, ಈಗ ಸುತ್ತಲ ಹೊಲಗಳಿಗೆ ಮರಳಿದೆ. ಅದನ್ನು ಬಳಸಿ ರೊಟ್ಟಿ ಸುಡುವ ಬಾರಿಯೊ ಬ್ರೆಡ್‌ನ ಡಾನ್ ಗೆರ್ರಾ, ಮನೆಯ ಗ್ಯಾರೇಜಿನಲ್ಲಿ ಬೇಕರಿ ಶುರುಮಾಡಿದವರು. 2022ರಲ್ಲಿ ಅವರಿಗೆ ದೇಶದ ಅತ್ಯುತ್ತಮ ಬೇಕರ್ ಎಂದು, ಅಮೆರಿಕದ ಅಡುಗೆ ಲೋಕದ ಹೆಸರಾಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಸಂದಿತು. ಬೆಳಿಗ್ಗೆ ಹೋಗಿ ಎಂದದ್ದು ಇಂಥ ಅಂಗಡಿಗಳ ಸಲುವಾಗಿಯೇ.

ಮಾಂಸ ತಿನ್ನುವವರಿಗೆ ಎರಡು ಹೆಸರು ಸಾಕು. 1922ರಲ್ಲಿ ಮೋನಿಕಾ ಫ್ಲಿನ್ ತೆರೆದ ಎಲ್ ಚಾರೊ ಕೆಫೆಯಲ್ಲಿ ಗೋಮಾಂಸದ ಪಟ್ಟಿಗಳನ್ನು ಮಾಳಿಗೆಯ ಮೇಲೆ ಪಂಜರದಲ್ಲಿ ತೂಗುಹಾಕಿ, ಮರುಭೂಮಿಯ ಬಿಸಿಲಿಗೇ ಒಣಗಿಸುತ್ತಾರೆ. ಎಲ್ ಗ್ವೆರೊ ಕನೆಲೊ 1993ರಲ್ಲಿ ಸಣ್ಣ ಗಾಡಿಯಾಗಿ ಆರಂಭವಾದದ್ದು. ಅಲ್ಲಿಯ ಸೊನೋರಾ ಹಾಟ್ ಡಾಗ್‌ಗೆ ಹಂದಿಯ ಬೇಕನ್ ಸುತ್ತಿ ಸುಟ್ಟು, ಮೆತ್ತನೆಯ ಬನ್ನಿನೊಳಗಿಟ್ಟು, ಮೇಲೆ ಕಾಳು, ಈರುಳ್ಳಿ, ಟೊಮೆಟೊ, ಮೆಯೊನೀಸ್, ಹಸಿಮೆಣಸಿನ ಸಾಸ್ ಹಾಕಿ, ಪಕ್ಕದಲ್ಲೊಂದು ಸುಟ್ಟ ಮೆಣಸಿನಕಾಯಿ ಇಡುತ್ತಾರೆ. 2018ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಈ ಹೋಟೆಲನ್ನು, ಊರ ಜನ ಮೆಚ್ಚಿದ ತಿನಿಸಿನ ಮನೆಗಳಿಗೆ ಕೊಡುವ 'ಅಮೆರಿಕಾಸ್ ಕ್ಲಾಸಿಕ್ಸ್' ಪ್ರಶಸ್ತಿಯ ಸಾಲಿಗೆ ಸೇರಿಸಿತು.

ಖಾರಕ್ಕೆ 'ಚಿಲ್ಟೆಪಿನ್' ಕೇಳಿ. ಬಟಾಣಿಗಿಂತ ಚಿಕ್ಕದಾದ ಈ ಗುಂಡು ಕಾಡುಮೆಣಸು ಗಡಿಯ ಎರಡೂ ಕಡೆಯ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ಒಂದೆರಡನ್ನು ಬೆರಳಲ್ಲಿ ಪುಡಿಮಾಡಿ ಉದುರಿಸಿದರೆ ಸಾಕು, ಉರಿ ಥಟ್ಟನೆ ಏರಿ ಬೇಗ ಇಳಿಯುತ್ತದೆ. ಕುಡಿಯಲು 'ಹಮೈಕಾ' ತರಿಸಿಕೊಳ್ಳಿ. ಉತ್ತರ ಕರ್ನಾಟಕದ ಪುಂಡಿ ಪಲ್ಯದ ಬಳಗದ ಗಿಡದ ಹೂವಿನ ಬುಡದ ಕೆಂಪು ಪುಷ್ಪಪಾತ್ರೆಯ ಪಾನಕ ಅದು. ಮೆಸ್ಕೀಟ್ ಹಿಟ್ಟಿನ ಬಿಸ್ಕತ್ತು ಕಂಡರೆ ಬಿಡಬೇಡಿ. ನಮ್ಮ ಬಯಲುಸೀಮೆಯನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿಯ ಹತ್ತಿರದ ನಂಟಿನ ಮರ ಅದು. ನಾವು ಉರುವಲೆಂದಷ್ಟೇ ಕಾಣುವ ಮರದ ಸಿಹಿಗಾಯಿಯನ್ನು ಇಲ್ಲಿಯವರು ಒಣಗಿಸಿ ಹಿಟ್ಟು ಮಾಡಿ ಉಣ್ಣುತ್ತಾರೆ. ಬಳ್ಳಾರಿ, ರಾಯಚೂರಿನ ಕಡೆಯವರು ಇದನ್ನು ಗಂಭೀರವಾಗಿ ಗಮನಿಸಬೇಕೆಂಬುದು ನನ್ನ ಆಸೆ.

ಹೆಜ್ಜೆ 5: ಅರ್ಧ ದಿನ ಸಾನ್ ಹಾವಿಯೇರ್‌ಗೆ ಮೀಸಲಿಡಿ

ನಗರದ ದಕ್ಷಿಣಕ್ಕೆ, ಟೊಹೊನೊ ಓಧಮ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ, 1797ರಲ್ಲಿ ಕಟ್ಟಿ ಮುಗಿಸಿದ ಸಾನ್ ಹಾವಿಯೇರ್ ಎಂಬ ಬಿಳಿಯ ಇಗರ್ಜಿಯಿದೆ. ಅದರ ಮುಂದಿನ ಬಯಲಿನಲ್ಲಿ ಚಪ್ಪರದಡಿ ಕರಿದ ರೊಟ್ಟಿ ಮಾರುತ್ತಾರೆ. ಮೇಲೆ ಕಾಳನ್ನೋ ಜೇನನ್ನೋ ಹಾಕಿಸಿಕೊಳ್ಳಬಹುದು. ಕರಿದ ಎಣ್ಣೆ ಯಾವುದೆಂದು ಇಲ್ಲಿಯೂ ಕೇಳಿ. ಈ ರೊಟ್ಟಿ ಬಹಳ ಹಳೆಯದಲ್ಲ. ಮೂಲನಿವಾಸಿಗಳ ಹೊಲ, ನೀರು ಕೈತಪ್ಪಿದ ಮೇಲೆ ಸರ್ಕಾರ ಕೊಟ್ಟ ಮೈದಾ ಮತ್ತು ಕೊಬ್ಬಿನಿಂದ ಹುಟ್ಟಿದ್ದು. ಹಾಗೆ ಆಹಾರ ಬದಲಾದ ಮೇಲೆಯೇ ಈ ಜನರಲ್ಲಿ ಸಕ್ಕರೆ ಕಾಯಿಲೆ ವಿಪರೀತವಾಯಿತು.

ಅದಕ್ಕೂ ಹಿಂದಿನ ಊಟ ಯಾವುದೆಂದು ತಿಳಿಯಲು ಹತ್ತಿರದಲ್ಲೇ ಇರುವ ಸಾನ್ ಹಾವಿಯೇರ್ ಸಹಕಾರಿ ಕೃಷಿ ಕೇಂದ್ರದ ಅಂಗಡಿಗೆ ಹೋಗಿ, ಟೆಪರಿ ಕಾಳು ಕೊಳ್ಳಿ. ಒಂದೆರಡು ಒಳ್ಳೆಯ ಮಳೆಗೇ ಬೆಳೆದುಬಿಡುವ ಈ ಕಾಳು ಬಿಳಿ, ಕಂದು ಎರಡು ಬಗೆಯಲ್ಲಿ ಸಿಗುತ್ತದೆ. ರಾತ್ರಿಯಿಡೀ ನೆನೆಸಿ, ಸಾಮಾನ್ಯ ಕಾಳಿಗಿಂತ ಹೆಚ್ಚು ಹೊತ್ತು ಬೇಯಿಸಬೇಕು. ಕುಕ್ಕರ್ ಇದ್ದರೆ ಕೆಲಸ ಸುಲಭ. ಬೆಂದ ಮೇಲೂ ಆಕಾರ ಕೆಡದ ಕಾರಣ ಉಸಲಿಗೆ ಹೇಳಿಮಾಡಿಸಿದಂತಿದೆ.

ಹೆಜ್ಜೆ 6: ಬಿಲ್ಲು

ಮೆನುವಿನ ಬೆಲೆಯ ಮೇಲೆ ತೆರಿಗೆ ಸೇರುತ್ತದೆ. ಮೇಜಿಗೆ ತಂದು ಬಡಿಸುವ ಕಡೆ 18ರಿಂದ 20 ಶೇಕಡಾ ಟಿಪ್ಸ್ ಕೊಡುವುದು ವಾಡಿಕೆ. ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಅದೇ, ಜುಗ್ಗತನ ಬೇಡ. ಒಂದು ತಟ್ಟೆಯಲ್ಲಿ ಬಡಿಸುವ ಊಟ ಹೆಚ್ಚಿರುವುದರಿಂದ ಇಬ್ಬರಿಗೆ ಒಂದು ತಟ್ಟೆ ತರಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಳ್ಳಿ.

ಪ್ರವಾಸದ ತಿಂಗಳನ್ನು ನೀವೇ ಆರಿಸುವಂತಿದ್ದರೆ ಅಕ್ಟೋಬರ್ ಒಳ್ಳೆಯದು. ಬಿಸಿಲು ಇಳಿದಿರುತ್ತದೆ, ಡೌನ್‌ಟೌನ್‌ನಲ್ಲಿ 1974ರಿಂದ ನಡೆದುಬಂದಿರುವ 'ಟೂಸಾನ್ ಮೀಟ್ ಯುವರ್‌ಸೆಲ್ಫ್' ಜಾತ್ರೆಯಲ್ಲಿ ಊರಿನ ಹಲವು ಸಮುದಾಯಗಳು ತಂತಮ್ಮ ಅಡುಗೆಯ ಮಳಿಗೆ ಹಾಕಿರುತ್ತವೆ. ಅಲ್ಲಿಗೆ ಹೋಗುವಾಗ ಸಣ್ಣ ನೋಟುಗಳಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.