ಫೀಸು ಕಟ್ಟುವ ಮೊದಲು ವಾರ್ಡು ಸುತ್ತಿ: ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಬಗೆ

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಅಂದರು. ಮನೆಯವರು ಬ್ಯಾಗು ಕಟ್ಟಿಕೊಂಡು ಕೂತರು. ಊಟದ ಹೊತ್ತು ದಾಟಿತು, ಸಂಜೆಯ ಕಾಫಿಯೂ ಆಯಿತು, ಬಿಲ್ಲು ಮಾತ್ರ ಬಂದಿಲ್ಲ. ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನ ಕಳೆದವರಿಗೆ ಇದು ಹೊಸದಲ್ಲ. ಅಷ್ಟು ಹೊತ್ತು ಎಲ್ಲಿ ಹೋಯಿತು? ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಬಾಕಿ ಲ್ಯಾಬ್ ರಿಪೋರ್ಟು ಫೈಲಿಗೆ ಸೇರಬೇಕು, ಡಿಸ್ಚಾರ್ಜ್ ಸಮ್ಮರಿ ಟೈಪಾಗಿ ಡಾಕ್ಟರ ಸಹಿ ಬೀಳಬೇಕು, ಬಿಲ್ಲಿಂಗ್‌ನವರು ಕೊನೆಯ ಬಿಲ್ಲು ತೆಗೆದು ವಿಮೆ ಕಂಪನಿಗೆ ಕಳಿಸಬೇಕು. ಒಂದೊಂದು ಮೇಜಿನ ಮೇಲೆ ಫೈಲು ಒಂದು ಗಂಟೆ ಕೂತರೂ ದಿನ ಮುಗಿಯಿತು. ಫೈಲು ಎಲ್ಲಿ, ಯಾಕೆ ಕೂತಿತು ಎಂದು ಹುಡುಕಿ ಅದನ್ನು ಎಬ್ಬಿಸುವುದು ಆಸ್ಪತ್ರೆ ಆಡಳಿತ ಕಲಿತವರ ದಿನನಿತ್ಯದ ಕೆಲಸ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆ ಎಂದು ಗಡುವು ಹಾಕಿದ ಮೇಲಂತೂ ಈ ಕೆಲಸಕ್ಕೆ ಗಡಿಯಾರವೂ ಸೇರಿಕೊಂಡಿದೆ.

ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಬ್ರೋಷರ್ ಓದಿದರೆ ಸಾಲದು. ಪರಿಚಯದವರ ಮೂಲಕ ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ಒಂದು ವಾರ ಬಿಲ್ಲಿಂಗ್ ಕೌಂಟರಿನ ಪಕ್ಕ ಕೂರಲು ಅನುಮತಿ ಕೇಳಿ. ಸಿಟ್ಟಾದ ರೋಗಿಯ ಕಡೆಯವರು, ಬಿಡುವಿಲ್ಲದ ಸಿಸ್ಟರ್, ಕೆಟ್ಟುನಿಂತ ಲಿಫ್ಟು, ಬಾರದ ವಾರ್ಡ್ ಬಾಯ್ ಇವೆಲ್ಲವನ್ನೂ ಒಂದೇ ದಿನ ಕಂಡೂ ಮರುದಿನ ಹೋಗಬೇಕು ಅನ್ನಿಸಿದರೆ ಮುಂದೆ ಓದಿ.

ಯಾರಿಗೆ ಯಾವ ಪದವಿ?

ಎಂಬಿಬಿಎಸ್ ಮುಗಿಸಿದವರಿಗೆ ಮೂರು ವರ್ಷದ ಎಂ.ಡಿ. ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಇದೆ, ಅದೇ ವಿಷಯದಲ್ಲಿ ಎಂ.ಡಿ.ಗೆ ಸಮಾನವಾದ ಡಿಎನ್‌ಬಿ ಕೂಡ ಇದೆ. ಎರಡಕ್ಕೂ ನೀಟ್ ಪಿಜಿ ದಾರಿ. ದೆಹಲಿಯ ಏಮ್ಸ್‌ನಂಥ ಸಂಸ್ಥೆಗಳಿಗೆ ಐಎನ್‌ಐ-ಸಿಇಟಿ ಎಂಬ ಬೇರೆ ಪ್ರವೇಶ ಪರೀಕ್ಷೆ. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯವನ್ನೇ ಕಲಿಸುವ ಆಸೆಯಿರುವ ಡಾಕ್ಟರುಗಳು ಎರಡು ವರ್ಷದ ಅಗ್ಗದ ದಾರಿ ಹುಡುಕದೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಉಳಿದವರಿಗೆ, ಅಂದರೆ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಬಿಡಿಎಸ್, ಬಿ.ಕಾಂ., ಬಿಬಿಎ, ಬಿ.ಎಸ್ಸಿ. ಓದಿದವರಿಗೆ, ಮೂರು ಬಾಗಿಲುಗಳಿವೆ. ಮೊದಲನೆಯದು ಎಂಎಚ್‌ಎ, ಅಂದರೆ ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್. ಎರಡು ವರ್ಷವೂ ಆಸ್ಪತ್ರೆಯದೇ ಪಾಠ. ಜಯನಗರ 4ನೇ ಟಿ ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿ, ಮಣಿಪಾಲದಲ್ಲಿ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಇದು ಸಿಗುತ್ತದೆ. ಎರಡನೆಯದು ಎಂಬಿಎ. ಹೆಸರಿನ ಪಕ್ಕದಲ್ಲಿ ‘ಹೆಲ್ತ್‌ಕೇರ್’ ಎಂದಿದ್ದರೂ ಬಹಳ ಕಡೆ ಮೊದಲ ವರ್ಷ ಮಾಮೂಲಿ ಎಂಬಿಎ, ಆಸ್ಪತ್ರೆಯ ವಿಷಯಗಳು ಎರಡನೇ ವರ್ಷ ಬರುತ್ತವೆ. ಮುಂದೆ ವಿಮೆ, ಔಷಧಿ ಅಥವಾ ಹೆಲ್ತ್-ಟೆಕ್ ಕಂಪನಿಗೆ ಹಾರುವ ಯೋಚನೆ ಇದ್ದವರಿಗೆ ಇದು ಅನುಕೂಲ. ಮೂರನೆಯದು ಪಿಜಿಡಿಎಂ, ಅಂದರೆ ಮ್ಯಾನೇಜ್‌ಮೆಂಟಿನ ಸ್ನಾತಕೋತ್ತರ ಡಿಪ್ಲೊಮಾ. ಎಲೆಕ್ಟ್ರಾನಿಕ್ ಸಿಟಿಯ ಐಐಎಚ್‌ಎಂಆರ್ ಸಂಸ್ಥೆಯ ಕೋರ್ಸು ಈ ಬಗೆಯದು.

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಅನ್ನೂ ಇದರ ಜೊತೆ ಕಲಸುವವರಿದ್ದಾರೆ. ಅದು ಊರಿನ ಆರೋಗ್ಯದ ಓದು, ಇದು ಒಂದು ಕಟ್ಟಡದೊಳಗಿನ ವ್ಯವಸ್ಥೆಯ ಓದು. ಡೆಂಗಿ ಊರಿನ ಯಾವ ವಾರ್ಡಿನಲ್ಲಿ ಹೆಚ್ಚಿದೆ ಎಂಬುದು ಮೊದಲನೆಯವರ ಪ್ರಶ್ನೆ; ಡೆಂಗಿ ರೋಗಿಗಳು ಒಟ್ಟಿಗೆ ಬಂದರೆ ಹಾಸಿಗೆ, ಪ್ಲೇಟ್‌ಲೆಟ್, ಸಿಸ್ಟರುಗಳನ್ನು ಎಲ್ಲಿಂದ ತರುವುದು ಎಂಬುದು ಎರಡನೆಯವರದು.

ಕಾಲೇಜು ನೋಡುವಾಗ ಏನು ಕೇಳಬೇಕು

ಮೊದಲು ಕಾಗದ. ವಿಶ್ವವಿದ್ಯಾಲಯದ ಪದವಿಯಾದರೆ ಯುಜಿಸಿ ಪಟ್ಟಿಯಲ್ಲೂ, ಅಧೀನ ಕಾಲೇಜಾದರೆ ಆ ವಿಶ್ವವಿದ್ಯಾಲಯದ ಈ ವರ್ಷದ ಸಂಯೋಜನೆ ಪಟ್ಟಿಯಲ್ಲೂ ಹೆಸರಿರಬೇಕು. ‘ಕಳೆದ ವರ್ಷ ಇತ್ತು, ಈ ವರ್ಷದ್ದು ಬರುತ್ತೆ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಪಿಜಿಡಿಎಂ ಆದರೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಅನುಮೋದನೆ ನೋಡಿ. ಇಲ್ಲೊಂದು ಸೂಕ್ಷ್ಮವಿದೆ. ಸ್ವತಂತ್ರ ಸಂಸ್ಥೆ ಕೊಡುವುದು ಡಿಪ್ಲೊಮಾ, ಪದವಿಯಲ್ಲ. ಖಾಸಗಿ ಆಸ್ಪತ್ರೆಯ ಕೆಲಸಕ್ಕೆ ಈ ವ್ಯತ್ಯಾಸ ಅಡ್ಡ ಬರುವುದಿಲ್ಲ, ಆದರೆ ಪಿಎಚ್‌.ಡಿ.ಗೋ ಸರ್ಕಾರಿ ಹುದ್ದೆಗೋ ಅರ್ಜಿ ಹಾಕುವ ದಿನ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಎಐಯು ಕೊಡುವ ಎಂಬಿಎ ತತ್ಸಮಾನ ಮಾನ್ಯತೆ ಇದೆಯೇ ಎಂದು ಕೇಳುತ್ತಾರೆ. ಆನ್‌ಲೈನ್ ಅಥವಾ ದೂರಶಿಕ್ಷಣದ ಕೋರ್ಸಾದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಜೊತೆಗೆ ಆ ಕೋರ್ಸಿನ ಹೆಸರೂ ಇದೆಯೇ ನೋಡಿ.

ಕಾಗದ ಸರಿಯಿದ್ದರೆ ಆಸ್ಪತ್ರೆ ನೋಡಿ. ಕ್ಯಾಂಪಸ್ಸಿನ ಹುಲ್ಲುಹಾಸು, ಆಡಿಟೋರಿಯಂ ನಿಮಗೆ ಕೆಲಸ ಕಲಿಸುವುದಿಲ್ಲ. ಕಾಲೇಜಿಗೆ ಅಂಟಿಕೊಂಡ ಆಸ್ಪತ್ರೆ ಇದೆಯೇ, ಎಷ್ಟು ಹಾಸಿಗೆಯದು, ಎರಡು ವರ್ಷದಲ್ಲಿ ಎಷ್ಟು ವಾರ ಪೋಸ್ಟಿಂಗ್, ಓಟಿ (ಆಪರೇಷನ್ ಥಿಯೇಟರ್) ಮತ್ತು ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ಸಿಎಸ್‌ಎಸ್‌ಡಿ ವಿಭಾಗದ ಒಳಗೆ ಬಿಡುತ್ತಾರೆಯೇ, ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಕನಿಷ್ಠ ನೋಡುವ ಲಾಗಿನ್ ಆದರೂ ಕೊಡುತ್ತಾರೆಯೇ ಎಂದು ಕೇಳಿ. ಅಡ್ಮಿಷನ್ ಕೌಂಟರಿನ ಉತ್ತರವನ್ನೇ ನಂಬದೆ ಕ್ಯಾಂಟೀನಿನಲ್ಲಿ ಸಿಗುವ ಎರಡನೇ ವರ್ಷದವರನ್ನು ವಿಚಾರಿಸಿ. ‘ಟೈ-ಅಪ್ ಇದೆ’ ಎಂಬುದರ ಅರ್ಥ ಕೆಲವೆಡೆ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದು ಫೋಟೋ ತೆಗೆಸುವುದು, ಅಷ್ಟೇ.

ಪ್ರವೇಶ ಪರೀಕ್ಷೆ ಮತ್ತು ದುಡ್ಡು

ಪರೀಕ್ಷೆಗಳ ಸಾಲು ನವೆಂಬರಿನ ಕ್ಯಾಟ್‌ನಿಂದ ಶುರುವಾಗಿ ಜನವರಿಯ ಎಕ್ಸ್ಯಾಟ್, ಆಮೇಲೆ ಸಿಯುಇಟಿ-ಪಿಜಿ ಎಂದು ಸಾಗುತ್ತದೆ. ಮ್ಯಾಟ್ ವರ್ಷದಲ್ಲಿ ಹಲವು ಬಾರಿ ಇದೆ. ಟಾಟಾ ಸಂಸ್ಥೆಯ ಎಂಎಚ್‌ಎಗೆ ಯಾವ ಪರೀಕ್ಷೆಯ ಅಂಕ ಬೇಕೆಂದು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಕರ್ನಾಟಕದ ಎಂಬಿಎ ಸರ್ಕಾರಿ ಕೋಟಾ ಸೀಟಿಗೆ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ. ಪದವಿಯಲ್ಲಿ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಅಂಕ ಸಾಕು. ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಮಾತಾಡುವ ಮುನ್ನ ಈ ಪರೀಕ್ಷೆಯನ್ನು ಒಮ್ಮೆ ಬರೆದು ನೋಡಿ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅರ್ಜಿ ನಿಲ್ಲುವುದು ಸಾಮಾನ್ಯವಾಗಿ ಎರಡೇ ಕಡೆ: ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರುತ್ತದೆ, ಇಲ್ಲವೇ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯೇ ಬೇರೆ ಇರುತ್ತದೆ. ನಾಡಕಚೇರಿಯ ಕೆಲಸ ಮೊದಲೇ ಮುಗಿಸಿಡಿ. ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಬ್ಯಾಂಕುಗಳು ಅಡಮಾನ ಕೇಳುವುದಿಲ್ಲ. ಕೇಂದ್ರದ ಖಾತರಿ ಯೋಜನೆಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ. ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷಕ್ಕೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ, ಹಾಗಾಗಿ ಓದುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟಲು ಮನೆಯವರಿಗೆ ಸಾಧ್ಯವೇ ಎಂದು ಕೂತು ಲೆಕ್ಕ ಹಾಕಿ.

ಅಮೆರಿಕದಲ್ಲಿ ಓದುವ ಇರಾದೆಯಿದ್ದರೆ ಆ ಕೋರ್ಸಿಗೆ ಅಲ್ಲಿ ಇಂಥ ಕೋರ್ಸುಗಳನ್ನು ಪರಿಶೀಲಿಸುವ ಸಿಎಎಚ್‌ಎಂಇ ಸಂಸ್ಥೆಯ ಮಾನ್ಯತೆ ಇದೆಯೇ ನೋಡಿ. ಅಲ್ಲಿಯ ಪಾಠವೆಲ್ಲ ಅಲ್ಲಿಯ ವಿಮೆ ಪದ್ಧತಿಯ ಸುತ್ತ. ವಾಪಸ್ ಬಂದರೆ ಇಲ್ಲಿಯದನ್ನು ಮೊದಲಿಂದ ಕಲಿಯಬೇಕು.

ತರಗತಿ ಶುರುವಾಗುವ ಮುನ್ನ ಒಂದು ಲೆಕ್ಕ

ಎಕ್ಸೆಲ್ ಬರದಿದ್ದರೆ ಬೇಸಿಗೆಯಲ್ಲೇ ಕಲಿತುಬಿಡಿ. ಜೊತೆಗೆ ಇಡೀ ಓದಿನ ಬೆನ್ನೆಲುಬಾದ ಹಾಸಿಗೆ ಲೆಕ್ಕ. 100 ಹಾಸಿಗೆಯ ಆಸ್ಪತ್ರೆ, ಜೂನ್ ತಿಂಗಳ 30 ದಿನ: ಒಟ್ಟು 3,000 ಹಾಸಿಗೆ-ದಿನ. ಪ್ರತಿ ರಾತ್ರಿ ಹನ್ನೆರಡಕ್ಕೆ ತಲೆ ಎಣಿಸಿ ಕೂಡಿದಾಗ 2,400 ರೋಗಿ-ದಿನ ಬಂತು ಎನ್ನಿ. ಹಾಸಿಗೆ ಭರ್ತಿ ಶೇ 80. ಆ ತಿಂಗಳು ಸಾವೂ ಸೇರಿ 600 ಜನ ಹೊರಹೋಗಿದ್ದರೆ ಸರಾಸರಿ ವಾಸ್ತವ್ಯ 4 ದಿನ. ಖಾಲಿ ಬಿದ್ದ 600 ಹಾಸಿಗೆ-ದಿನವನ್ನು 600 ಜನಕ್ಕೆ ಹಂಚಿದರೆ, ಒಬ್ಬರು ಎದ್ದು ಇನ್ನೊಬ್ಬರು ಬರುವ ನಡುವೆ ಹಾಸಿಗೆ ಒಂದು ದಿನ ಸುಮ್ಮನಿದೆ. ಈಗ ವಾಸ್ತವ್ಯ 3.5 ದಿನಕ್ಕೆ ಇಳಿಯಿತು ಅಂದುಕೊಳ್ಳಿ. ಅದೇ 2,400 ರೋಗಿ-ದಿನದಲ್ಲಿ ಸುಮಾರು 685 ಜನರಿಗೆ ಚಿಕಿತ್ಸೆ ಕೊಡಬಹುದು. ಹೊಸ ಮಂಚ ಒಂದೂ ಬಂದಿಲ್ಲ, 85 ಜನ ಹೆಚ್ಚು.

ಲೆಕ್ಕ ಸುಲಭ, ಎಣಿಕೆ ಕಷ್ಟ. ಡಯಾಲಿಸಿಸ್‌ಗೆ ಬಂದು ಸಂಜೆ ಹೋಗುವವರನ್ನು ಒಳರೋಗಿಗಳ ಜೊತೆ ಸೇರಿಸಿದರೆ ವಾಸ್ತವ್ಯ ಸುಳ್ಳುಸುಳ್ಳೇ ಇಳಿಯುತ್ತದೆ. ಐಸಿಯುದಿಂದ ವಾರ್ಡಿಗೆ ಬಂದವರನ್ನು ಡಿಸ್ಚಾರ್ಜ್ ಎಂದು ಎಣಿಸಿದರೆ ಒಬ್ಬರು ಇಬ್ಬರಾಗುತ್ತಾರೆ. ಬಾಣಂತಿಯ ಪಕ್ಕದ ಮಗುವಿನ ತೊಟ್ಟಿಲು, ಕ್ಯಾಷುಯಲ್ಟಿಯ ಟ್ರಾಲಿ ಹಾಸಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಭರ್ತಿ ಶೇ 100 ದಾಟಿದ್ದನ್ನು ಹೆಮ್ಮೆಯಿಂದ ತೋರಿಸುವ ವರದಿ ಕಂಡರೆ ಮೊದಲು ಛೇದವನ್ನು ನೋಡಿ. ಮಂಜೂರಾದ ಹಾಸಿಗೆಯಿಂದ ಭಾಗಿಸಿದ್ದಾರೋ, ನಿಜವಾಗಿ ಹಾಕಿರುವ ಹಾಸಿಗೆಯಿಂದಲೋ?

ಪ್ರಬಂಧ ಎಂಬ ಪರೀಕ್ಷೆ

ಎರಡು ವರ್ಷದ ಓದಿನಲ್ಲಿ ನಿಮ್ಮದೇ ಎನ್ನಬಹುದಾದ ಕೆಲಸ ಈ ಸಂಶೋಧನಾ ಪ್ರಬಂಧವೊಂದೇ. ‘ಬೆಂಗಳೂರಿನ ಆಸ್ಪತ್ರೆಗಳಲ್ಲಿ ರೋಗಿ ತೃಪ್ತಿ’ ಎಂಬಂಥ ವಿಷಯ ಬೇಡ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದು ಆಸ್ಪತ್ರೆ, ಒಂದು ವಿಭಾಗ, ಒಂದು ವಿಳಂಬ ಸಾಕು. ಡಿಸ್ಚಾರ್ಜ್ ವಿಳಂಬವನ್ನೇ ತೆಗೆದುಕೊಂಡರೆ ಪ್ರತಿ ರೋಗಿಗೂ ಏಳು ಸಮಯ ಬರೆದುಕೊಳ್ಳಿ: ಡಾಕ್ಟರು ಬಾಯಲ್ಲಿ ಹೇಳಿದ್ದು, ಫೈಲಿನಲ್ಲಿ ಬರೆದದ್ದು, ಸಮ್ಮರಿ ತಯಾರಾದದ್ದು, ಫಾರ್ಮಸಿ ಕ್ಲಿಯರೆನ್ಸ್, ಕೊನೆಯ ಬಿಲ್ಲು, ವಿಮೆಯ ಒಪ್ಪಿಗೆ, ರೋಗಿ ಮಂಚ ಬಿಟ್ಟದ್ದು. ಮೊದಲೆರಡರ ನಡುವಿನ ಅಂತರವನ್ನು ಯಾರೂ ಅಳೆಯುವುದಿಲ್ಲ, ಆದರೆ ಮನೆಯವರ ಸಿಟ್ಟಿನ ಗಡಿಯಾರ ಓಡತೊಡಗುವುದು ಬಾಯಿಮಾತಿನಿಂದಲೇ.

ಕಂಪ್ಯೂಟರಿನಲ್ಲಿರುವ ಸಮಯವನ್ನೇ ಎತ್ತಿಕೊಳ್ಳುವುದು ದೊಡ್ಡ ತಪ್ಪು. ವಾರ್ಡಿನಲ್ಲಿ ಕೆಲಸ ಮೊದಲು, ಎಂಟ್ರಿ ಆಮೇಲೆ. ಹತ್ತೂವರೆಗೆ ಆದದ್ದು ಹನ್ನೆರಡಕ್ಕೆ ದಾಖಲಾಗಿರುತ್ತದೆ. ನೀವೇ ನಿಂತು ಬರೆಯಬೇಕು. ನಗದು ಕಟ್ಟುವವರು, ವಿಮೆಯವರು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದವರು, ಈ ಮೂರು ಗುಂಪನ್ನು ಬೆರೆಸಬೇಡಿ, ಮೂವರ ದಾರಿಯೂ ಬೇರೆ. ಸರಾಸರಿಯ ಜೊತೆ ಮಧ್ಯಾಂಕವನ್ನೂ (ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಕೊಡಿ, ಯಾಕೆಂದರೆ ದುಡ್ಡು ಹೊಂದಿಸಲು ಊರಿಗೆ ಹೋದ ಒಬ್ಬರ ಮನೆಯವರು ಇಡೀ ಸರಾಸರಿಯನ್ನು ಎಳೆದುಬಿಡುತ್ತಾರೆ. ಭಾನುವಾರ, ಸೋಮವಾರ ಎರಡೂ ಇರಲಿ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಫೈಲನ್ನೂ ಮುಟ್ಟಬೇಡಿ. ಆ ಸಮಿತಿ ವಾರವಾರ ಸೇರುವುದಿಲ್ಲ, ಹಾಗಾಗಿ ಅರ್ಜಿ ಮೊದಲೇ ಹೋಗಿರಬೇಕು.

ಕೆಲಸಕ್ಕೆ ಸೇರುವಾಗ

ಮೊದಲ ಕೆಲಸ ಸಾಮಾನ್ಯವಾಗಿ ಆಪರೇಷನ್ಸ್, ಕ್ವಾಲಿಟಿ, ವಿಮೆಯ ಕಾಗದಪತ್ರ ನೋಡುವ ಟಿಪಿಎ ಡೆಸ್ಕ್, ಮೆಡಿಕಲ್ ರೆಕಾರ್ಡ್ಸ್ ಅಥವಾ ಸ್ಟೋರ್ಸಿನಲ್ಲಿ. ಕ್ವಾಲಿಟಿಗೆ ಹೋಗುವವರು ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾನದಂಡಗಳ ಚಾಲ್ತಿ ಆವೃತ್ತಿಯನ್ನು ಓದಿಕೊಂಡಿರಬೇಕು. ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಎಲ್ಲರಿಗೂ ಬೇಕು. ಹಳದಿ ಚೀಲಕ್ಕೆ ರಕ್ತ ಮೆತ್ತಿದ ಹತ್ತಿ-ಬ್ಯಾಂಡೇಜು, ಕೆಂಪಿಗೆ ಐ.ವಿ. ಸೆಟ್ಟಿನಂಥ ಪ್ಲಾಸ್ಟಿಕ್ಕು, ಬಿಳಿ ಡಬ್ಬಿಗೆ ಸೂಜಿ-ಬ್ಲೇಡು, ನೀಲಿಗೆ ಗಾಜು. ಇಂಟರ್‌ವ್ಯೂನಲ್ಲಿ ಇದನ್ನು ಕೇಳಿದರೆ ತಡವರಿಸುವಂತಿಲ್ಲ. ದುಡ್ಡು ಕೊಟ್ಟು ಒಂದು ವಾರಾಂತ್ಯದಲ್ಲಿ ತಂದ ಸಿಕ್ಸ್ ಸಿಗ್ಮಾ ಎಂಬ ಗುಣಮಟ್ಟ ತರಬೇತಿಯ ಸರ್ಟಿಫಿಕೇಟಿಗಿಂತ ನಿಮ್ಮ ಪ್ರಬಂಧದ ಒಂದು ಪುಟದ ಸಾರಾಂಶ, ಒಂದು ಗ್ರಾಫಿನೊಂದಿಗೆ, ಹೆಚ್ಚು ಬೆಲೆಬಾಳುತ್ತದೆ.

ಕನ್ನಡ ಬರುತ್ತದೆ ಎಂಬುದನ್ನು ಬಯೊಡೇಟಾದ ಕೊನೆಯ ಸಾಲಿನಲ್ಲಿ ಮುದುಡಿಸಿ ಇಡಬೇಡಿ. ರೋಗಿಯ ಅಜ್ಜಿಗೆ ಕ್ಲೇಮು ಯಾಕೆ ತಿರಸ್ಕಾರವಾಯಿತೆಂದು ಹೇಳಬೇಕಾದವರು, ಹೌಸ್‌ಕೀಪಿಂಗ್ ಅಕ್ಕಂದಿರಿಂದ ‘ಮೂರನೇ ಮಹಡಿ ರೂಮು ಇನ್ನೂ ತೊಳೆದಿಲ್ಲ ಸಾರ್’ ಎಂಬ ನಿಜವನ್ನು ಹೊರಡಿಸಬೇಕಾದವರು ನೀವೇ. ಶಿಫ್ಟು ಆರಿಸಿಕೊಳ್ಳಲು ಬಿಟ್ಟರೆ ಮೊದಲ ಆರು ತಿಂಗಳಲ್ಲಿ ಒಂದಷ್ಟು ವಾರ ನೈಟ್ ಡ್ಯೂಟಿಯನ್ನು ಕೇಳಿ ಹಾಕಿಸಿಕೊಳ್ಳಿ. ಹನ್ನೆರಡು ಗಂಟೆಯ ಸೆನ್ಸಸ್‌ಗೆ ತಲೆ ಎಣಿಸುತ್ತ ಹೊರಟರೆ ದಿನಕ್ಕೊಮ್ಮೆ ಎಲ್ಲ ವಾರ್ಡೂ ಸುತ್ತಿದಂತಾಗುತ್ತದೆ.