ಹೂವಿನ ದಾರದಲ್ಲಿ ಸಿಂಗಪುರ ಅಳೆಯೋದು ಹೇಗೆ?

ಮಗಳು ಕೆಲಸಕ್ಕೆ ಅಂತ ಸಿಂಗಪುರಕ್ಕೆ ಹೊರಟಾಗ ನಮ್ಮಮ್ಮ ಕೇಳಿದ್ದು ಒಂದೇ ಮಾತು, ‘ಎಷ್ಟು ದೂರ ಅದು?’

ಸುಮ್ನೆ ಹೇಳಿದರೆ ಅರ್ಥ ಆಗಲ್ಲ ಅಲ್ವಾ? ಗ್ಲೋಬ್ ತಂದಿಟ್ಟೆ. ಅಮ್ಮ ಹೂ ಕಟ್ಟುತ್ತಿದ್ದ ದಾರವನ್ನೇ ತೆಗೆದುಕೊಂಡೆ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸಿಂಗಪುರದ ಮೇಲೆ. ಸಡಿಲ ಬಿಡದೆ ಬಿಗಿಯಾಗಿ ಹಿಡಿಯಬೇಕು. ಗೋಡೆಯ ಮ್ಯಾಪಿನಲ್ಲಿ ಅಳೆಯಬೇಡಿ, ಭೂಮಿ ಗುಂಡಗಿರೋದರಿಂದ ಲೆಕ್ಕ ತಪ್ಪುತ್ತದೆ.

ದಾರ ಏಳೂವರೆ ಸೆಂಟಿಮೀಟರ್ ಬಂತು. ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಗುಣಿಸಿದರೆ ಹತ್ತಿರ ಹತ್ತಿರ 3,200 ಕಿ.ಮೀ.

ಇನ್ನು ಹೊತ್ತು. ವಿಮಾನ ಗಂಟೆಗೆ ಸುಮಾರು 800 ಕಿ.ಮೀ. ಹೋಗುತ್ತೆ ಅಂತಿಟ್ಟುಕೊಂಡು ದೂರವನ್ನು 800ರಿಂದ ಭಾಗಿಸಿ. ಏರೋಕೆ, ಇಳಿಯೋಕೆ ಅರ್ಧ ಗಂಟೆ ಸೇರಿಸಿ. ನಾಲ್ಕೂವರೆ ಗಂಟೆ ಆಯಿತು. ಗಾಳಿ ಎದುರಿದ್ದರೆ ಸ್ವಲ್ಪ ಜಾಸ್ತಿ.

ಟಿಕೆಟ್ ನೋಡಿ ಅಮ್ಮ ಗಾಬರಿಯಾದರು. ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ತಲುಪುತ್ತದೆ, ಏಳು ಗಂಟೆ ಕೂರಬೇಕಾ ಮಗು ಅಂತ. ಟಿಕೆಟ್ಟಿನಲ್ಲಿ ಇರೋದು ಆಯಾ ಊರಿನ ಗಡಿಯಾರದ ಸಮಯ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅದನ್ನು ಕಳೆಯಿರಿ, ಅದೇ ನಾಲ್ಕೂವರೆ!

ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ. ಆದರೂ ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಿ. ಆಮೇಲೆ ಫೋನ್ ಮಾಡುವಾಗಲೂ ಲೆಕ್ಕ ಬೇಕು. ಇಲ್ಲಿ ರಾತ್ರಿ 8 ಅಂದರೆ ಅಲ್ಲಿ ಹತ್ತೂವರೆ. ಅಮ್ಮ ಈಗ ಸಂಜೆ ಆರಕ್ಕೇ ಫೋನ್ ಹಿಡಿದು ಕೂರುತ್ತಾರೆ.