ಹೈಸ್ಕೂಲಲ್ಲೇ ಕಾಲೇಜ್ ಕ್ರೆಡಿಟ್: ಕ್ಲಾಸ್ ಸೇರುವ ಮುಂಚೆ ಬಲಗಡೆಯ ಸಾಲು ನೋಡಿ

ಶನಿವಾರ ಕನ್ನಡ ಶಾಲೆ ಬಿಡುವ ಹೊತ್ತಿಗೆ ಪಾರ್ಕಿಂಗ್ ಲಾಟಿನಲ್ಲಿ ನಿಂತ ಅಪ್ಪ ಅಮ್ಮಂದಿರ ಬಾಯಲ್ಲಿ ಈಗ ಇದೇ ಮಾತು. "ನಿಮ್ಮ ಮಗಳದ್ದು ಎಷ್ಟು ಕಾಲೇಜ್ ಕ್ಲಾಸ್ ಆಯ್ತು?" ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಯಾವುದು ಅಂತ ಕೇಳುವವರು ಕಡಿಮೆ. ನಾವೆಲ್ಲ ಪಿಯುಸಿ ಮುಗಿಸಿ ಆಮೇಲೆ ಡಿಗ್ರಿಗೆ ಕಾಲಿಟ್ಟವರು. ಪಿಯುಸಿಯಲ್ಲಿದ್ದಾಗಲೇ ಡಿಗ್ರಿಯ ಒಂದು ಪೇಪರ್ ಮುಗಿಸಿಟ್ಟುಕೊಳ್ಳಬಹುದು ಅನ್ನುವುದೇ ನಮಗೆ ಹೊಸದು, ಅದಕ್ಕೇ ಎಡವುತ್ತೇವೆ. ಇಲ್ಲಿ ಬರೆದಿರುವುದು ಕ್ಯಾಲಿಫೋರ್ನಿಯಾದ ಲೆಕ್ಕ.

ದಾರಿ ಮುಖ್ಯವಾಗಿ ಎರಡು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂದರೆ ಹೈಸ್ಕೂಲಲ್ಲೇ ವರ್ಷವಿಡೀ ಕಾಲೇಜ್ ಮಟ್ಟದ ಪಾಠ, ಮೇ ತಿಂಗಳಲ್ಲಿ ಒಂದು ಪರೀಕ್ಷೆ, 1ರಿಂದ 5ರವರೆಗೆ ಸ್ಕೋರ್. ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, 3 ಬಂದರೂ ಯೂನಿಟ್, ಅಂದರೆ ಕ್ರೆಡಿಟ್ ಎಣಿಸುವ ಅಳತೆ, ಕೊಡುತ್ತದೆ, ಆದರೆ ಆ ವಿಷಯದ ಕ್ಲಾಸಿನಿಂದ ವಿನಾಯಿತಿ ಬೇಕೆಂದರೆ ವಿಭಾಗದವರು 4 ಅಥವಾ 5 ಕೇಳಬಹುದು. ಎರಡನೆಯದು ಡ್ಯುಯಲ್ ಎನ್ರೋಲ್‌ಮೆಂಟ್: ಹತ್ತಿರದ ಕಮ್ಯುನಿಟಿ ಕಾಲೇಜಿಗೆ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಹೋಗಿ ದೊಡ್ಡವರ ಜೊತೆ ಕೂತು ಓದುವುದು. ನನ್ನ ಓಟು ಇದಕ್ಕೇ. ಪರೀಕ್ಷೆಯ ದಿನ ಜ್ವರ ಬಂತು ಅಂತ ಇಡೀ ವರ್ಷದ ಓದು ನೀರಲ್ಲಿ ಹೋಮ ಆಗುವುದಿಲ್ಲ. ಕ್ಲೆಪ್ ಅಂತ ಇನ್ನೊಂದು ಪರೀಕ್ಷೆ ಇದೆ, ಯುಸಿ ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ, ಆ ಕಡೆ ಹೋಗಬೇಡಿ.

ಈಗ ಎಲ್ಲರೂ ಮುಗ್ಗರಿಸುವ ಜಾಗಕ್ಕೆ ಬರೋಣ. ಕ್ಲಾಸ್ ಆರಿಸುವ ಮೊದಲು ಅಸಿಸ್ಟ್ ಎಂಬ ಅಧಿಕೃತ ವೆಬ್‌ಸೈಟ್ ತೆರೆಯಿರಿ, ವಿಳಾಸ ಅಸಿಸ್ಟ್ ಡಾಟ್ ಆರ್ಗ್. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ವರ್ಷ ಆರಿಸಿ, ನಿಮ್ಮ ಕಮ್ಯುನಿಟಿ ಕಾಲೇಜಿನ ಹೆಸರು ಹಾಕಿ, ಮುಂದೆ ಸೇರಬೇಕೆಂದಿರುವ ಯುಸಿ ಅಥವಾ ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಹೆಸರು ಹಾಕಿ, ಕೊನೆಗೆ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಆರಿಸಿ. ಎರಡು ಸಾಲು ಬರುತ್ತವೆ. ಎಡಗಡೆ ಯೂನಿವರ್ಸಿಟಿಯ ಕ್ಲಾಸ್, ಬಲಗಡೆ ಅದಕ್ಕೆ ಸರಿಸಮ ಅಂತ ಒಪ್ಪಿಕೊಂಡಿರುವ ಕಮ್ಯುನಿಟಿ ಕಾಲೇಜ್ ಕ್ಲಾಸ್. ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತಿದ್ದರೆ ಅಲ್ಲಿಗೆ ಮುಗಿಯಿತು. ಆ ಕಾಲೇಜಿನ ಯಾವ ಕ್ಲಾಸೂ ಅದರ ಬದಲಿಗೆ ಸಲ್ಲುವುದಿಲ್ಲ.

ಬಲಗಡೆ ಎರಡು ಕ್ಲಾಸುಗಳ ನಡುವೆ 'ಆ್ಯಂಡ್' ಅಂತ ಪುಟ್ಟದಾಗಿ ಬರೆದಿರುತ್ತದಲ್ಲ, ಅದನ್ನು ದಯವಿಟ್ಟು ನೋಡಿ. ಎರಡನ್ನೂ ಮುಗಿಸಿದರೆ ಮಾತ್ರ ಎಡಗಡೆಯ ಕ್ಲಾಸ್ ಮುಗಿದ ಹಾಗೆ ಅಂತ ಅದರ ಅರ್ಥ. ನಮ್ಮ ಪರಿಚಯದ ಹುಡುಗನೊಬ್ಬ ಬೇಸಿಗೆಯಲ್ಲಿ ಕಷ್ಟಪಟ್ಟು ಫಿಸಿಕ್ಸ್ ಮಾಡಿದ, 'ಎ' ಗ್ರೇಡೂ ಬಂತು. ಆ ಸಾಲಲ್ಲಿ 'ಆ್ಯಂಡ್' ಇತ್ತು, ಇನ್ನರ್ಧ ಅವನು ಮಾಡಿರಲಿಲ್ಲ. ಯೂನಿಟ್ ಏನೋ ಲೆಕ್ಕಕ್ಕೆ ಸೇರಿತು, ಆದರೆ ಇಂಜಿನಿಯರಿಂಗ್ ಸೇರಿದ ಮೇಲೆ ಅದೇ ಪಾಠಕ್ಕೆ ಮತ್ತೆ ಕೂತ. ಯೂನಿಟ್ ಸಿಗುವುದು ಬೇರೆ, ಡಿಗ್ರಿಗೆ ಬೇಕಾದ ಕ್ಲಾಸ್ ಮುಗಿಯುವುದು ಬೇರೆ. ಇದೊಂದು ತಲೆಯಲ್ಲಿ ಕೂತರೆ ಅರ್ಧ ತೊಂದರೆ ತಪ್ಪುತ್ತದೆ.

ಒಂದೇ ಪಾಠಕ್ಕೆ ಎರಡು ಸಲ ಕ್ರೆಡಿಟ್ ಇಲ್ಲ ಅನ್ನುವುದನ್ನೂ ಗಮನದಲ್ಲಿಡಿ. ಎಪಿ ಕ್ಯಾಲ್ಕುಲಸ್ ಬರೆದು, ಅದೇ ಕ್ಯಾಲ್ಕುಲಸ್ಸನ್ನು ಕಮ್ಯುನಿಟಿ ಕಾಲೇಜಲ್ಲೂ ಮಾಡಿದರೆ ಸಿಗುವುದು ಒಂದರದ್ದೇ. ಎಪಿ ಇಂಗ್ಲಿಷ್ ಎರಡು ಪರೀಕ್ಷೆ ಇವೆ, ಎರಡೂ ಬರೆದರೂ ಯುಸಿಯಲ್ಲಿ ಒಟ್ಟು 8 ಕ್ವಾರ್ಟರ್ ಯೂನಿಟ್ಟೇ (ಕ್ವಾರ್ಟರ್ ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಟರ್ಮ್) ಗರಿಷ್ಠ. ನಾವು ಇದನ್ನು ತಿಳಿಯದೆ ಮಗಳ ಹತ್ತಿರ ಎರಡನ್ನೂ ಬರೆಸಿದೆವು, ಆ ಮೇ ತಿಂಗಳಲ್ಲಿ ಅವಳು ಸರಿಯಾಗಿ ನಿದ್ದೆ ಮಾಡಿದ್ದು ನಾನು ಕಾಣೆ.

ಖಾಸಗಿ ಯೂನಿವರ್ಸಿಟಿ ಮನಸ್ಸಲ್ಲಿದ್ದರೆ ಅಸಿಸ್ಟ್ ಒಂದನ್ನೇ ನಂಬಿ ಕೂರಬೇಡಿ. ಅಲ್ಲಿನ ರಿಜಿಸ್ಟ್ರಾರ್ ಆಫೀಸಿಗೆ ಈಮೇಲ್ ಮಾಡಿ ಕೇಳಿ. ಹೈಸ್ಕೂಲ್ ಡಿಪ್ಲೊಮಾಗೆ ಲೆಕ್ಕ ಹಿಡಿದ ಕ್ಲಾಸಿಗೆ ಕ್ರೆಡಿಟ್ ಕೊಡದ ಕಡೆಗಳು ಬೇಕಾದಷ್ಟಿವೆ. ಪ್ರತಿ ಕ್ಲಾಸಿನ ಸಿಲಬಸ್ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ, ಎರಡು ವರ್ಷ ಬಿಟ್ಟು ಅದನ್ನೇ ಕೇಳುತ್ತಾರೆ. ಈ ನಡುವೆ "ಮನೆಯಲ್ಲೇ ಕೂತು ಕ್ರೆಡಿಟ್ ಗಳಿಸಿ" ಅನ್ನುವ ಜಾಹೀರಾತುಗಳು ಜಾಸ್ತಿ. ನಿಮ್ಮ ಯೂನಿವರ್ಸಿಟಿ ಒಪ್ಪುತ್ತದೆ ಅಂತ ಬರಹದಲ್ಲಿ ಸಿಗುವ ತನಕ ಒಂದು ಡಾಲರೂ ಕೊಡಬೇಡಿ.

ಸೇರುವ ಕೆಲಸ ಸುಲಭ. ಸಿಸಿಸಿ ಅಪ್ಲೈ ಎಂಬ ಕಮ್ಯುನಿಟಿ ಕಾಲೇಜುಗಳ ಅರ್ಜಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಐಡಿ ನಂಬರ್ ಬಂದ ಮೇಲೆ ಹೈಸ್ಕೂಲ್ ಮತ್ತು ನಿಮ್ಮ ಸಹಿ ಇರುವ ಫಾರಂ ಕೊಡಿ. ಪಾರ್ಟ್‌ಟೈಮ್ ಓದುವ ಹೈಸ್ಕೂಲ್ ಮಕ್ಕಳಿಗೆ ಯೂನಿಟ್‌ಗೆ 46 ಡಾಲರಿನ ಫೀ ಸಾಮಾನ್ಯವಾಗಿ ಮನ್ನಾ, ಪುಸ್ತಕದ ಖರ್ಚು ಇರಬಹುದು. ಹೈಸ್ಕೂಲ್ ಮಕ್ಕಳ ಸರದಿ ಬರುವುದು ಕೊನೆಗೆ, ಸೀಟ್ ತುಂಬಿರುತ್ತದೆ. ವೇಟ್‌ಲಿಸ್ಟಿಗೆ ಹಾಕಿ, ಮೊದಲ ದಿನವೇ ಕ್ಲಾಸಿಗೆ ಹೋಗಿ ಪ್ರೊಫೆಸರ್ ಹತ್ತಿರ ಆ್ಯಡ್ ಕೋಡ್ (ಕ್ಲಾಸಿಗೆ ಹೆಸರು ಸೇರಿಸಿಕೊಳ್ಳುವ ಸಂಖ್ಯೆ) ಕೇಳಲಿ. ಕೇಳಬೇಕಾದ್ದು ಮಗುವೇ. ಕಾಲೇಜ್ ಸೇರಿದ ಮೇಲೆ ವಯಸ್ಸು 15 ಇದ್ದರೂ ಆ ದಾಖಲೆಯ ಹಕ್ಕು ಮಗುವಿನದ್ದು, ನೀವು ಫೋನ್ ಮಾಡಿದರೆ ಗ್ರೇಡ್ ಹೇಳುವುದಿಲ್ಲ.

ಮೊದಲ ಸಲ ಒಂದೇ ಕ್ಲಾಸ್ ಸಾಕು. ಗಣಿತ, ಕೆಮಿಸ್ಟ್ರಿ ಬೇಡವೇ ಬೇಡ, ಸೈಕಾಲಜಿ ಥರದ್ದು ಇರಲಿ. ಇಲ್ಲಿ ಬಂದ ಗ್ರೇಡ್ ಕಾಲೇಜ್ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಕಾಯಂ. ಯುಸಿ ಅರ್ಜಿಯಲ್ಲಿ ಮುಚ್ಚಿಡುವ ಹಾಗಿಲ್ಲ. 'ಡಬ್ಲ್ಯು' (ಕ್ಲಾಸ್ ಅರ್ಧಕ್ಕೆ ಬಿಟ್ಟ ಗುರುತು) ಬೀಳದ ಹಾಗೆ ಕ್ಲಾಸ್ ಬಿಡುವುದಕ್ಕೆ ಒಂದು ಕೊನೆಯ ತಾರೀಕು ಇರುತ್ತದೆ, ಅದನ್ನು ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ.

ಯೂನಿವರ್ಸಿಟಿಯಲ್ಲಿ ಸೀಟ್ ಸಿಕ್ಕ ಖುಷಿಯಲ್ಲಿ ಕೊನೆಯ ಕೆಲಸ ಮರೆಯುವವರಿದ್ದಾರೆ. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್ ಕಳಿಸಿದರೆ ಸಾಲದು. ಕಮ್ಯುನಿಟಿ ಕಾಲೇಜಿನದ್ದು ಬೇರೆಯಾಗಿ ಹೋಗಬೇಕು, ಯುಸಿಗೆ ಸಾಮಾನ್ಯವಾಗಿ ಜುಲೈ 1ರ ಒಳಗೆ. ಎಪಿ ಸ್ಕೋರೂ ತಾನಾಗಿ ಹೋಗುವುದಿಲ್ಲ, ಅದಕ್ಕೆ ಜುಲೈ 15. ಬೇಸಿಗೆಯಲ್ಲಿ ಇನ್ನೊಂದು ಕ್ಲಾಸ್ ಮಾಡುತ್ತಿದ್ದರೆ, ಅದರ ಗ್ರೇಡ್ ಬಂದ ಮೇಲೆ ಟ್ರಾನ್ಸ್‌ಕ್ರಿಪ್ಟನ್ನು ಇನ್ನೊಂದು ಸಲ ಕಳಿಸಿ.